ಏಳೋ ನನ ಮಗನ

ಯಾರದೋ ಮದುವೆಯ ಸೀರೆಗೆ ಫಾಲು ಹಚ್ಚುತ್ತಿದ್ದ ಜ್ಯೋತಿಗೆ ಹೊರಗಿನಿಂದ ಅವ್ವನ ದನಿ ಕೇಳಿಸಿತು. ಅವ್ವ ಶಿರವಾಳದ ಮನೆಯಲ್ಲಿದ್ದಳು. ಶಹಾಪುರದ ಬಸ್‌ ಸ್ಟ್ಯಾಂಡಿನ ಎದುರಿಗೆ ಅವಳು ಬರುವ ಕಾರಣವೇ ಇರಲಿಲ್ಲ. ಜ್ಯೋತಿ ಮಷಿನ್ನು ನಿಲ್ಲಿಸಿ ಕಿವಿಗೊಟ್ಟಳು. ‘ಏಳೋ ನನ ಮಗನ’ ಎಂದಳು ಅವ್ವ. ಹಿಂದೆಯೇ ಧಡ್ ಧಡ್ ಎಂದು ಡ್ರಮ್ಮು ಬಿತ್ತು. ಅವ್ವ ಮತ್ತೆ ಅದನ್ನೇ ಅಂದಳು, ಅದೇ ಉಸಿರಿನಲ್ಲಿ, ಅದೇ ಅಕ್ಷರಕ್ಕೆ ಗಂಟಲು ಹರಿದುಕೊಂಡು. ಮತ್ತೆ ಡ್ರಮ್ಮು. ಅಂಗಡಿಯ ಮುಂದೆ ಟಂಟಂ ಆಟೋ ನಿಲ್ಲಿಸಿಕೊಂಡಿದ್ದ ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಗಾಡಿಯ ಸ್ಪೀಕರಿನ ತಾಳಕ್ಕೆ ಪಾದ ಕುಣಿಸುತ್ತಿದ್ದ.

ಜ್ಯೋತಿಯ ಅಣ್ಣ ಪರಶುರಾಮ ಸತ್ತು ಐದು ತಿಂಗಳಾಗಿತ್ತು. ಅವ್ವ ಹಾಗೆ ಅತ್ತದ್ದು ಅವನ ಹೆಣದ ಮುಂದೆ.

“ಯಾಕ ಬೇ, ಸೂಜಿ ಚುಚ್ಚಿತೇನು?” ಪಕ್ಕದ ಮಷಿನ್ನಿನಿಂದ ಸಮ್ರೀನ್ ಕೇಳಿದಳು. ಅಂಗಡಿ ಅವಳ ತಾಯಿಯದು. ಇಬ್ಬರೂ ಹೈಸ್ಕೂಲಿನಿಂದ ಜೊತೆ.

“ಕೇಳು” ಎಂದಳು ಜ್ಯೋತಿ.

ಸಮ್ರೀನ್ ಕೇಳಿದಳು. ಅವಳೂ ಆ ದಿನ ಶಿರವಾಳಕ್ಕೆ ಬಂದು ಜ್ಯೋತಿಯ ಅವ್ವ ಗುರುಲಿಂಗಮ್ಮನ ಬೆನ್ನ ಹಿಂದೆ ಕೂತವಳು. ಕೈಯಲ್ಲಿದ್ದ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟು, “ಯಾ ಅಲ್ಲಾ” ಎಂದಳು.

ಫೋನು ತೆಗೆದು ನೋಡಿದರೆ ಅನುಮಾನವೇ ಉಳಿಯಲಿಲ್ಲ. ಹಾಡು ನಂಜುವಿನದು. ಬೆಂಗಳೂರಿನ ರ‍್ಯಾಪರ್ ನಂಜು, ಜ್ಯೋತಿಯ ಮೆಚ್ಚಿನವರಲ್ಲಿ ಮೊದಲನೆಯವನು. ಹಾಡಿನ ಹೆಸರು ‘ನನ್ಮಗ್ನೇ’. ಮೊದಲಿಗೆ ಅವ್ವ ಕೂಗುತ್ತಾಳೆ; ಆಮೇಲೆ ನಂಜು ತನ್ನ ಹೊಟ್ಟೆಕಿಚ್ಚಿನ ವೈರಿಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಬಡಿದು ಮಲಗಿಸಿ, ಮಲಗಿದವರಿಗೆ ‘ಏಳೋ ನನ್ಮಗ್ನೇ’ ಎಂದು ಸವಾಲು ಹಾಕುತ್ತಾನೆ. ಕೆಳಗೆ ಜನ ಬರೆದಿದ್ದರು: ‘ಅಜ್ಜಿ ಬೆಂಕಿ’, ‘ಅಜ್ಜಿ ಬೈಗುಳಕ್ಕೆ ನನ್ನ ಲೈಕು’.

ಜ್ಯೋತಿಗೆ ರ‍್ಯಾಪ್ ಎಂದರೆ ಜೀವ. ಊರಲ್ಲಿ ಅದನ್ನು ಹಾಡೆಂದು ಒಪ್ಪುವವರೇ ಇರಲಿಲ್ಲ, ಜಗಳವಾಡಿದಂತೆ ಕೇಳುತ್ತದೆ ಎನ್ನುತ್ತಿದ್ದರು. ಪರಶುರಾಮನ ಫೋನಿನಲ್ಲಿ ಮೊದಲ ಸಲ ಕೇಳಿದ ದಿನ ಜ್ಯೋತಿ, “ಅಯ್ಯ, ಇದು ನಮ್ಮವ್ವ ಹಾಡ್ಯಾಡಿ ಅತ್ತಂಗ ಐತಲ್ಲೋ ಅಣ್ಣಾ” ಎಂದಿದ್ದಳು. ಅವನು ನಕ್ಕೂ ನಕ್ಕೂ ಕೆಮ್ಮು ಹತ್ತಿಸಿಕೊಂಡಿದ್ದ.

ಅವಳು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಆ ಕಡೆ ಸತ್ತವರ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹೆಣದ ಮುಂದೆ ಕೂತು, ಪಕ್ಕದವಳ ಬೆನ್ನ ಮೇಲೆ ಕೈಯಾಡಿಸುತ್ತ, ಸತ್ತವರು ಉಂಡದ್ದು ಉಟ್ಟದ್ದು, ಕೊಟ್ಟದ್ದು ಕಳಕೊಂಡದ್ದು ಎಲ್ಲವನ್ನೂ ರಾಗವಾಗಿ ಹೇಳಿ ಹೇಳಿ ಅಳುತ್ತಾರೆ. ಬದುಕಿದ್ದಾಗ ಒಂದು ತುತ್ತು ಅನ್ನ ನೆಟ್ಟಗೆ ಹಾಕದ ಸೊಸೆಯ ಮಾನ ಅಲ್ಲೇ ಹರಾಜಾಗುತ್ತದೆ, ಅವಳೂ ಬಾಯಿ ಮುಚ್ಚಿಕೊಂಡು ಕೇಳಬೇಕು. ಶಿರವಾಳದಲ್ಲಿ ಗುರುಲಿಂಗಮ್ಮ ಸುರು ಮಾಡದೆ ಯಾರ ಮನೆಯ ಅಳುವೂ ಹತ್ತುತ್ತಿರಲಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟವರೂ ಮನೆಯಲ್ಲಿ ಹೆಣ ಬಿದ್ದರೆ ಮೊದಲು ಅವಳಿಗೇ ಹೇಳಿ ಕಳಿಸುತ್ತಿದ್ದರು.

ಅಣ್ಣ ತಂಗಿ ಇಬ್ಬರೂ ಒಂದೇ ಇಯರ್‌ಫೋನಿನ ಎರಡು ತುದಿ ಹಂಚಿಕೊಂಡು ಹಾಡು ಕೇಳುತ್ತ, ಯಾರು ದೊಡ್ಡವರೆಂದು ಕಿತ್ತಾಡುತ್ತಿದ್ದರು. ಪರಶುರಾಮನಿಗೆ ವಿಜಯಪುರದ ಕಡೆಯ ಬಾರಕೋಲ ಬಸ್ಯಾನೇ ಎಲ್ಲರಿಗಿಂತ ಮೇಲು. ಬಸ್ಯಾ ಹೊಲದ ಬದುವಿನ ಮೇಲೆ ನಿಂತು, ಎಮ್ಮೆ ಮೈ ತೊಳೆಯುತ್ತ ಹಾಡುವವನು. ಅವನ ಹಾಡು ಕೇಳುವವರು ಅವನ ಊರು ಬಿಟ್ಟರೆ ಇನ್ನೆರಡು ತಾಲೂಕಿನ ಜನ. ಸಮ್ರೀನ್ ಹೈದರಾಬಾದಿನ ಮಿರ್ಚಿ ಮುಮ್ತಾಜಳ ಕಡೆ. ಮುಮ್ತಾಜ್ ದಖನಿ ಉರ್ದುವಿನಲ್ಲಿ ಅತ್ತೆ ನಾದಿನಿಯರನ್ನು ಹುರಿದು ಮುಕ್ಕುವುದನ್ನು ಕೇಳಿದರೆ ಮಷಿನ್ನಿನ ಮುಂದೆ ಇಬ್ಬರಿಗೂ ನಗು ತಡೆಯುತ್ತಿರಲಿಲ್ಲ. ಜ್ಯೋತಿ ಅವಳಿಗೆ ಎರಡನೆಯ ಜಾಗ ಕೊಟ್ಟಿದ್ದಳು. ಬಸ್ಯಾನಿಗೆ ಮೂರನೆಯದು, ಅದೂ ಅಣ್ಣನ ಮರ್ಜಿಗೆ.

ನಂಜು ಮೊದಲನೆಯವನಾಗಲು ಕಾರಣವಿತ್ತು. ಒಂದು ಹಾಡಿನಲ್ಲಿ ಅವನು ಗಟಾರಕ್ಕೆ ಇಳಿದು ಉಸಿರುಗಟ್ಟಿ ಸತ್ತ ಒಬ್ಬ ಮನುಷ್ಯನ ಹೆಸರು ಹೇಳಿದ್ದ, ಅವನ ಓಣಿಯ ಹೆಸರು ಹೇಳಿದ್ದ, ಇಳಿಸಿದ ಗುತ್ತಿಗೆದಾರನ ಹೆಸರನ್ನೂ ಅಂಜದೆ ಹೇಳಿದ್ದ. ಅದನ್ನು ಕೇಳಿದಾಗ ಜ್ಯೋತಿಯ ಮೈಮೇಲೆ ಮುಳ್ಳೆದ್ದಿದ್ದವು.

“ಅವಗ ನಮ್ಮ ಮಾತು ತಿಳಿಯಂಗಿಲ್ಲ ತಗೀ” ಎಂದು ಪರಶುರಾಮ ಕಾಡುತ್ತಿದ್ದ. “ನಾವು ಆರಾಮ ಅದೀರೇನ್ರಿ ಅಂತ ಕೇಳಿದ್ರೂ ಇವರು ಹೊಡದಾಡಾಕತ್ತಾರ ಅಂತ ಪೊಲೀಸರಿಗೆ ಫೋನ್ ಹಚ್ಚೋ ಮಂದಿ ಅವರು.”

“ನಿನ್ನ ಬಸ್ಯಾಗ ಹೋಲಿಸಿದ್ರ ನಂಜು ಸಮುದ್ರ.”

“ಸಮುದ್ರದ ನೀರು ಕುಡಿಯಾಕ ಬರತೈತೇನು?”

ಪರಶುರಾಮ ಕಡೇಚೂರಿನಲ್ಲಿ ಒಂದು ಔಷಧದ ಕಾರ್ಖಾನೆಗೆ ಹೋಗುತ್ತಿದ್ದ. ಅಪ್ಪ ಹುಲಗಪ್ಪನ ಹಾಗೆ ಕುರಿ ಹಿಂದೆ ತಿರುಗಲಾರೆನೆಂದು ಸೇರಿದವನು, ಅಲ್ಲೇ ಒಂದು ರೂಮು ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಬಂದಾಗ ಅವನ ಅಂಗಿಯಿಂದ ಮೂಗು ಕೊರೆಯುವ ವಾಸನೆ ಬರುತ್ತಿತ್ತು. ಒಂದು ಗುರುವಾರ ಕಾರ್ಖಾನೆಯ ಗಾಡಿಯೇ ಅವನ ಹೆಣ ತಂದು ಇಳಿಸಿತು. ಹಾರ್ಟ್ ಅಟ್ಯಾಕ್ ಎಂದರು. ಇಪ್ಪತ್ತಾರರ ಹುಡುಗ, ಕುರಿ ಎತ್ತಿ ಹೆಗಲಿಗೆ ಹಾಕಿಕೊಂಡು ಹಳ್ಳ ದಾಟುತ್ತಿದ್ದವನು. ಜೊತೆಗೆ ಬಂದ ಕೆಲಸಗಾರನೊಬ್ಬ ಗುರುಲಿಂಗಮ್ಮನ ಕಾಲು ಮುಟ್ಟುವ ನೆಪದಲ್ಲಿ ಬಗ್ಗಿ, “ಟಾಕಿ ತೊಳಿಯಾಕ ಇಳಿಸಿದ್ರವ್ವಾ, ಮಾಸ್ಕ್ ಕೊಡ್ಲಿಲ್ಲ, ಮೂಗಿಗೆ ಬರೇ ಅರಿವಿ ಕಟ್ಟಿಸಿದ್ರು” ಎಂದು ಪಿಸುಗುಟ್ಟಿ ಎದ್ದುಹೋದ. ಮರುದಿನ ಅವನೂ ತಾನೇನೂ ಹೇಳಿಲ್ಲ ಎಂದ. ವಿಚಾರಣೆ ಮಾಡಬೇಕಾದ ಅಧಿಕಾರಿಗಳು ಹಾರ್ಟ್ ಅಟ್ಯಾಕ್ ಎಂದೇ ಬರೆದುಕೊಂಡು ಹೋದರು.

ಆದರೆ ಆ ಗುರುವಾರ ಗುರುಲಿಂಗಮ್ಮ ಎಲ್ಲವನ್ನೂ ಅಳುವಿನಲ್ಲಿ ಹೇಳಿಬಿಟ್ಟಿದ್ದಳು. ಕಾರ್ಖಾನೆಯ ಮಂದಿ ಅಂಗಳದಲ್ಲಿ ನಿಂತಿರುವಾಗಲೇ, ಮಗನ ಗದ್ದ ಹಿಡಿದುಕೊಂಡು:

ಏಳೋ ನನ ಮಗನ, ಹೊತ್ತು ಏರೈತಿ ಏಳೋ
ಕುರಿ ಹಸದಾವೋ, ಹಟ್ಟಿ ಬಿಡಬೇಕೋ
ಟಾಕಿಯಾಗ ಇಳಸ್ಯಾರೋ, ಮೂಗಿಗೆ ಅರಿವಿ ಕಟ್ಯಾರೋ
ಎದಿ ಒಡದು ಸತ್ತಾನಂತ ಹೇಳತಾರೋ
ನಿನ್ನ ಎದಿ ನನಗ ಗೊತ್ತಿಲ್ಲೇನೋ ನನ ಮಗನ
ನನ್ನ ಎದಿಗೆ ಹಚಗೊಂಡು ಬೆಳಸೀನೋ

ಅಣ್ಣನ ಕಾಲ ಬಳಿ ಕೂತಿದ್ದ ಜ್ಯೋತಿ ಕಣ್ಣೀರಲ್ಲೇ ಫೋನಿನ ರೆಕಾರ್ಡು ಒತ್ತಿ ಸೆರಗಿನ ಮರೆಯಲ್ಲಿಟ್ಟುಕೊಂಡಿದ್ದಳು. ಈ ಮಾತು ಉಳಿಯಬೇಕು ಎಂಬ ಒಂದೇ ಆಸೆ. ತಿಂಗಳಾದ ಮೇಲೆ ನಂಜು ತನ್ನ ಅಭಿಮಾನಿಗಳಿಗೆ ‘ನಿಮ್ಮೂರಿನ ದನಿ ನನಗೆ ಕಳಿಸಿ, ಹಾಡು ಮಾಡ್ತೀನಿ’ ಎಂದು ಕರೆ ಕೊಟ್ಟ. ಗಟಾರದಲ್ಲಿ ಸತ್ತವನ ಹೆಸರು ಹೇಳಿದವನು ಟಾಕಿಯಲ್ಲಿ ಸತ್ತವನ ಹೆಸರು ಹೇಳದೆ ಇರುತ್ತಾನೆಯೇ? ಜ್ಯೋತಿ ಅವ್ವನ ಇಡೀ ಅಳುವನ್ನು ಕಳಿಸಿ, ಕೆಳಗೆ ನಡೆದದ್ದೆಲ್ಲವನ್ನೂ ಬರೆದಿದ್ದಳು.

ಅಷ್ಟುದ್ದದ ಅಳುವಿನಲ್ಲಿ ಅವನಿಗೆ ಬೇಕಾದದ್ದು ಮೂರೇ ಮಾತು.

ಆ ರಾತ್ರಿಯಿಂದ ಜ್ಯೋತಿಗೆ ಒಂದೇ ಚಿಂತೆ, ಇದು ಅವ್ವನ ಕಿವಿಗೆ ಬೀಳಬಾರದು. ಹಾಡಿನ ಕೆಳಗೆ, ‘ಇದು ಬೈಗುಳ ಅಲ್ಲ, ನಮ್ಮಣ್ಣ ಸತ್ತಾಗ ನಮ್ಮವ್ವ ಅತ್ತದ್ದು, ದಯಮಾಡಿ ತೆಗೆಯಿರಿ’ ಎಂದು ಬರೆದಳು. ಒಬ್ಬ ನಗುವ ಮುಖ ಹಾಕಿದ. ಇನ್ನೊಬ್ಬ, ‘ನಾನೇ ನಿಮ್ಮಣ್ಣ, ಎದ್ದು ಬಂದೆ ತಂಗಿ’ ಎಂದು ಬರೆದ. ಅದಕ್ಕೆ ಮೆಚ್ಚುಗೆಗಳು ಬಂದವು. ಜ್ಯೋತಿ ಫೋನು ಬೋರಲು ಹಾಕಿದಳು.

ಪಕ್ಕದ ಮನೆಯ ಕಲ್ಯಾಣಮ್ಮನ ಮೊಮ್ಮಗ ಮಲ್ಲುವಿಗೆ ಯುಗಾದಿ ಆದ ಮೇಲೆ ಮದುವೆ. ಕೆಂಭಾವಿಯಿಂದ ಡಿಜೆ ಗೊತ್ತು ಮಾಡಿದ್ದರು. ಡಿಜೆ ಬಂದರೆ ಆ ಹಾಡು ಬಂದೇ ಬರುತ್ತದೆ, ಮೆರವಣಿಗೆ ಗುರುಲಿಂಗಮ್ಮನ ಬಾಗಿಲ ಮುಂದೆಯೇ ಹಾಯುತ್ತದೆ. ಜ್ಯೋತಿ ಮಲ್ಲುವನ್ನು ಬಾವಿಯ ಹತ್ತಿರ ತಡೆದು ಕೈ ಮುಗಿದಳು.

“ಗೊತ್ತೈತಿ ನನಗ, ಯವ್ವನ ದನಿ ಅಂತ” ಎಂದ ಮಲ್ಲು. ಅವನ ದನಿಯಲ್ಲಿ ಹೆಮ್ಮೆಯೇ ಇತ್ತು. “ನಮ್ಮ ಓಣಿ ದನಿ ಬೆಂಗಳೂರ ಮುಟ್ಟೈತಿ, ಸಣ್ಣ ಮಾತೇನು? ಆ ಹಾಡು ಇಲ್ಲಂದ್ರ ಹುಡುಗ್ರು ಕುಣಿಯಂಗಿಲ್ಲ ಜ್ಯೋತಿ.”

“ಅದು ಪರಶಣ್ಣನ ಅಳು ಮಲ್ಲು. ನೀನೂ ಹೆಗಲು ಕೊಟ್ಟಿದ್ದಿ.”

ಮಲ್ಲುವಿನ ಮುಖ ಸಣ್ಣದಾಯಿತು. “ನಿಮ್ಮನಿ ಮುಂದ ಬರೂ ಹೊತ್ತಿಗೆ ಬಂದ್ ಮಾಡಸ್ತೀನಿ” ಎಂದು ಗೊಣಗಿ ಹೋದ. ಹರೆಯದ ಹುಡುಗರು ಕುಡಿದು ಕುಣಿಯುವಾಗ ಯಾರು ಯಾರ ಮಾತು ಕೇಳುತ್ತಾರೆ?

ಅಷ್ಟರಲ್ಲಿ ಸಮ್ರೀನ್ ಸುದ್ದಿ ತಂದಳು. ಸುರಪುರದ ಕಾಲೇಜೊಂದರ ವಾರ್ಷಿಕ ಗ್ಯಾದರಿಂಗಿಗೆ ನಂಜು ಬರುತ್ತಾನೆ. ಅವಳ ಚಿಕ್ಕಮ್ಮನ ಮಗಳು ಅಂಜುಮ್ ಅಲ್ಲೇ ಓದುತ್ತಿದ್ದಳು, ಅತಿಥಿಗಳ ಚಹಾ ನಾಷ್ಟಾ ನೋಡಿಕೊಳ್ಳುವ ಹುಡುಗಿಯರಲ್ಲಿ ಒಬ್ಬಳು. “ಅವನ ಮುಂದ ನಿಂತು ಕೇಳೋಣು ನಡಿ” ಎಂದಳು ಸಮ್ರೀನ್. “ಮನಷ್ಯಾ ಇದ್ರ ತಗೀತಾನ. ಇಲ್ಲಂದ್ರ ಮಾರಿ ಮ್ಯಾಲ ಉಗುಳಿ ಬರೋಣು.”

ಅಂಜುಮ್ ಇಬ್ಬರನ್ನೂ ಸ್ಟಾಫ್ ರೂಮಿಗೆ ಬಿಟ್ಟಾಗ ನಂಜು ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ತಿನ್ನುತ್ತಿದ್ದ. ಖಾರಕ್ಕೆ ಕಣ್ಣಲ್ಲಿ ನೀರು ಬಂದಿತ್ತು. ವಿಡಿಯೋದಲ್ಲಿ ಗೋಪುರದಂತೆ ಕಾಣುತ್ತಿದ್ದವನು ಎದುರಿಗೆ ತೆಳ್ಳಗೆ, ಕನ್ನಡಕದವನು. ಅವನ ನಿಜವಾದ ಹೆಸರು ಚೇತನಕುಮಾರ ಎಂದು ಅಭಿಮಾನಿಯಾದ ಜ್ಯೋತಿಗೆ ಗೊತ್ತಿತ್ತು. ಈ ಗಳಿಗೆಯನ್ನು ಅವಳು ಎಷ್ಟೋ ಸಲ ಕನಸು ಕಂಡಿದ್ದಳು, ಹೀಗಲ್ಲ.

“ಅಣ್ಣಾ, ನಿಮ್ಮ ಹಾಡಿನಾಗಿರೋ ದನಿ ನಮ್ಮವ್ವಂದ್ರಿ.”

ನಂಜುವಿನ ಮುಖ ಅರಳಿತು. “ಹೌದಾ! ಆ ಅಜ್ಜಿ ಮನೆಯವರಾ ನೀವು? ಏನ್ ಪವರ್ ಗೊತ್ತಾ ಅವರ ವಾಯ್ಸಲ್ಲಿ! ಯಾರಿಗ್ ಬೈದಿದ್ದು ಅವ್ರು ಹಾಗೆ?”

“ಯಾರಿಗೂ ಬೈದಿಲ್ರಿ. ನಾ ಎಲ್ಲಾ ಬರದಿದ್ದೆ ನೋಡ್ರಿ, ಅದರ ಕೆಳಗ.”

“ದಿನಾ ಸಾವಿರಗಟ್ಲೆ ಬರತ್ತಮ್ಮ. ನಮ್ ಹುಡುಗ್ರು ಕೇಳಿ ಕಟ್ ಮಾಡಿ ಕೊಡ್ತಾರೆ. ನನ್ ಕೈಗೆ ಬಂದಿದ್ದು ಅದೊಂದ್ ಪೀಸ್ ಅಷ್ಟೆ.”

ಜ್ಯೋತಿ ಫೋನು ತೆಗೆದು ಇಡೀ ಅಳುವನ್ನು ಹಚ್ಚಿದಳು. ಮೊದಲು ನಂಜು ತಾಳಕ್ಕೆ ತಲೆದೂಗುವವನಂತೆ ಕತ್ತು ಆಡಿಸಿದ. ಆಮೇಲೆ ನಿಲ್ಲಿಸಿದ. “ಟಾಕಿ ಅಂದ್ರೆ?” ಎಂದು ಕೇಳಿದ.

“ಟ್ಯಾಂಕ್ ರಿ. ಕಾರ್ಖಾನಿದು.”

“ಎದಿ ಒಡದು?”

“ಹಾರ್ಟ್ ಅಟ್ಯಾಕ್ ಅಂದ್ರಲ್ರಿ, ಅದಕ್ಕ ಅಕಿ ಹಂಗ ಅಂದಾಳ.”

ಕನ್ನಡದ ಅಳುವನ್ನು ಕನ್ನಡದವನಿಗೆ ಬಿಡಿಸಿ ಹೇಳುವ ಗತಿ ಬಂತಲ್ಲ ಎಂದು ಜ್ಯೋತಿಗೆ ನಾಚಿಕೆಯಾಯಿತು. ತನ್ನ ಬಗ್ಗೆಯೋ ಅವನ ಬಗ್ಗೆಯೋ ತಿಳಿಯಲಿಲ್ಲ. ಅಳು ಮುಗಿಯುವ ಹೊತ್ತಿಗೆ ಪ್ಲೇಟಿನಲ್ಲಿದ್ದ ಮಿರ್ಚಿ ತಣ್ಣಗಾಗಿತ್ತು. ನಂಜು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ಅಯ್ಯೋ. ಇದು ಅಳೋದಾ? ನಾನ್ ಬೈಯೋದು ಅನ್ಕೊಂಡೆ. ಸತ್ಯವಾಗ್ಲೂ. ನಮ್ ಕಡೆ ನನ್ಮಗ್ನೇ ಅಂದ್ರೆ ಬೈಗುಳ.”

“ನಮ್ಮ ಕಡಿನೂ ಬೈತಾರ್ರಿ. ಆದ್ರ ಹಡದಾಕಿ ಅಂದ್ರ ಅದು ಬೈಗುಳ ಹೆಂಗಾಗ್ತೈತ್ರಿ?”

ನಂಜು ಪ್ಲೇಟನ್ನು ಆಚೆ ಸರಿಸಿದ. ಪಕ್ಕದಲ್ಲಿ ಕೂತಿದ್ದ ಮ್ಯಾನೇಜರು ಹಾಡು ಈಗ ಆಡಿಯೋ ಕಂಪನಿಯದು, ಇವನು ತೆಗೆ ಎಂದರೆ ತೆಗೆಯುವುದಿಲ್ಲ, ಅಲ್ಲದೆ ಈ ಹುಡುಗರು ದುಡ್ಡು ಕೂಡಿಸಿ ಕರೆಸಿರುವುದೇ ಆ ಹಾಡಿಗೆ ಎಂದ. ನಂಜು ಅವನ ಮಾತನ್ನು ಅರ್ಧಕ್ಕೇ ತಡೆದ.

“ಇವತ್ತು ಅದನ್ನ ಹಾಡಲ್ಲ ನಾನು. ಸ್ಟೇಜ್ ಮೇಲೇ ಹೇಳ್ತೀನಿ ಯಾಕೆ ಅಂತ. ನಿಮ್ಮಣ್ಣನ ಹೆಸರೇನು?”

“ಪರಶುರಾಮ ಅಂತ್ರಿ.”

“ಆ ಹೆಸರನ್ನೂ ಹೇಳ್ತೀನಿ.”

ಜ್ಯೋತಿಗೆ ಅಳು ಬಂತು. ಆ ಹೆಸರನ್ನು ತಿಂಗಳುಗಟ್ಟಲೆ ಯಾರ ಬಾಯಿಂದ ಕೇಳಬೇಕೆಂದು ಕಾದಿದ್ದಳೋ ಅವನೇ ಹೇಳುತ್ತೇನೆ ಎಂದಿದ್ದ. ಇವನೇ ಮೊದಲನೆಯವನು ಎಂದು ಅವಳ ಹುಚ್ಚು ಮನಸ್ಸು ಮತ್ತೆ ಒಪ್ಪಿಕೊಂಡಿತು. ಹೊರಗೆ ಬಂದಾಗ ಸಮ್ರೀನ್, “ಉಗುಳೋದು ತಪ್ಪಿತು ನೋಡು” ಎಂದು ಅವಳ ಭುಜ ಅದುಮಿದಳು.

ಸಂಜೆಗೆ ಕಾಲೇಜಿನ ಬಯಲು ತುಂಬಿತು. ಪ್ರಿನ್ಸಿಪಾಲರ ಭಾಷಣಕ್ಕೆ ಸೀಟಿ ಹೊಡೆದು ಹೊಡೆದು ಅವರನ್ನು ಕೂಡಿಸಿದ ಹುಡುಗರು ನಂಜು ಹತ್ತಿದ ಕೂಡಲೇ ಕುರ್ಚಿಗಳ ಮೇಲೆ ನಿಂತರು. ಅವನು ಎರಡು ಹಾಡು ಹಾಡಿದ, ಗಟಾರದ ಹಾಡೂ ಅದರಲ್ಲೊಂದು. ಆ ಹಾಡಿನ ಜೊತೆ ಗುನುಗುವಷ್ಟೂ ಯಾರಿಗೂ ಪುರಸೊತ್ತಿರಲಿಲ್ಲ. ‘ನನ್ಮಗ್ನೇ, ನನ್ಮಗ್ನೇ’ ಎಂದು ಹಿಂದಿನಿಂದ ಕೂಗು ಸುರುವಾಯಿತು.

ನಂಜು ಮೈಕು ಹಿಡಿದು ಮುಂದೆ ಬಂದ. “ಒಂದು ಸೀರಿಯಸ್ ವಿಷಯ ಹೇಳ್ಬೇಕು. ಆ ಹಾಡಲ್ಲಿರೋ ದನಿ ನಿಮ್ಮದೇ ಜಿಲ್ಲೆಯ ಒಬ್ಬ ತಾಯಿದು.”

ಬಯಲು ಹೋ ಎಂದಿತು. “ನಮ್ಮ ಜಿಲ್ಲಾ!” ಎಂದು ಯಾರೋ ಟವೆಲ್ ತಿರುಗಿಸಿದ.

“ಅವರ ಮಗ ಪರಶುರಾಮ, ಕೆಲಸ ಮಾಡೋ ಜಾಗದಲ್ಲಿ ತೀರ್ಕೊಂಡ. ಅವನ ಮುಂದೆ ಕೂತು ಆ ತಾಯಿ ಅತ್ತಿದ್ದು ಅದು. ಪ್ಲೀಸ್, ಕೇಳಿ.”

“ಪರಶುರಾಮ! ಪರಶುರಾಮ!” ಎಂದಿತು ಬಯಲು. ಇದು ಹಾಡಿನ ಪೀಠಿಕೆ ಎಂದೇ ಅವರು ತಿಳಿದರು. ರ‍್ಯಾಪರ್‌ಗಳು ಹಾಡಿನ ಮುಂಚೆ ಹೀಗೇ ಏನಾದರೂ ಹೇಳಿ ರಕ್ತ ಬಿಸಿ ಮಾಡುವುದುಂಟು, ಜ್ಯೋತಿಗೂ ಅದು ಗೊತ್ತು. ಸುಮ್ಮನಿರಿ ಎನ್ನಲು ನಂಜು ಕೈ ಮೇಲೆತ್ತಿದ. ಅದೇ ಸನ್ನೆ ಎಂದುಕೊಂಡು ಹಾಡು ಹಚ್ಚುವ ಡಬ್ಬಿಗಳ ಹಿಂದೆ ಕೂತಿದ್ದವನು ಹಾಡು ಬಿಟ್ಟ. ಗುರುಲಿಂಗಮ್ಮ ಆಳೆತ್ತರದ ಸ್ಪೀಕರುಗಳಿಂದ ಕೂಗಿದಳು. ಧಡ್ ಧಡ್ ಎಂದು ಡ್ರಮ್ಮು ಬಿತ್ತು.

ನಂಜು ಮೈಕು ಇಳಿಬಿಟ್ಟು ನಿಂತಿದ್ದ. ಅವ್ವ ಎರಡನೆಯ ಸಲ ಕೂಗಿದಾಗಲೂ ನಿಂತೇ ಇದ್ದ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗರು ಹೊಸದೊಂದು ಕಟ್ಟಿಬಿಟ್ಟರು. “ಏಳೋ ಪರಶ್ಯಾ,” ಎಂದಿತು ಒಂದು ಗುಂಪು. “ನನ್ಮಗ್ನೇ!” ಎಂದಿತು ಇಡೀ ಬಯಲು. ಮೂರನೆಯ ಸಲಕ್ಕೆ ನಂಜು ಮೈಕು ಬಾಯಿಗೆ ಹಿಡಿದ. ಅವನೂ ಹಾಡಿದ.

ಆ ಹೆಸರು ಕೊಟ್ಟವಳು ಜ್ಯೋತಿ. ಸತ್ತವನನ್ನು ಅವಳೇ ಕರೆತಂದು ಬಯಲಿನಲ್ಲಿ ನಿಲ್ಲಿಸಿದ ಹಾಗಾಗಿತ್ತು. ಸಮ್ರೀನ್ ಅವಳ ರಟ್ಟೆ ಹಿಡಿದು ಗೇಟಿನ ಕಡೆ ನಡೆಸಿದಳು. ಬಸ್ಸು ಹತ್ತಿಗುಡೂರು ದಾಟಿತು.

“ಬಸ್ಯಾಗ ಕಳಿಸಬೇಕಿತ್ತು” ಎಂದಳು ಜ್ಯೋತಿ. “ನೂರು ಮಂದಿ ಕೇಳ್ತಿದ್ರು. ಆದ್ರ ಅವಗ ತಿಳೀತಿತ್ತು. ಅಣ್ಣ ಹೇಳಿದ್ದ.”

ಸಮ್ರೀನ್ ಅವಳ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

ಮನೆಗೆ ಬಂದಾಗ ಗುರುಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದಳು. ಹುಲಗಪ್ಪ ಕುರಿ ಹೊಡೆದುಕೊಂಡು ಕೃಷ್ಣೆಯ ಕಡೆ ಹೋಗಿದ್ದ. ಮಗ ಸತ್ತ ಮೇಲೆ ಅವನು ಮನೆಗೆ ಬರುವುದೇ ಕಡಿಮೆ. ಜ್ಯೋತಿ ಕೈಕಾಲು ತೊಳೆದು ಒಲೆಯ ಪಕ್ಕ ಕೂತಳು. ಅವ್ವ ಅವಳ ಮುಖ ನೋಡಿದಳು.

“ಆ ಹಾಡಿನಂವನ ಕಡಿ ಹೋಗಿದ್ದೇನು?”

ಜ್ಯೋತಿ ತಲೆಯೆತ್ತಿದಳು.

“ಮಲ್ಯಾ ಕೇಳಿಸ್ಯಾನ, ಅಂವ ಇವತ್ತ ಸುರಪುರಕ್ಕ ಬರ್ತಾನಂತನೂ ಅಂದ” ಎಂದಳು ಗುರುಲಿಂಗಮ್ಮ. “ಮದಿವ್ಯಾಗ ಇದನ್ನ ಹಚ್ಚಲೇನು ಯವ್ವಾ ಅಂತ ಕೇಳಾಕ ಬಂದಿದ್ದ, ಪಾಪ. ಮೊದಲ ನನಗs ಗುರುತು ಹತ್ತಲಿಲ್ಲ. ಯಾವಾಕಿನೋ ಬಾಯಿ ಮಾಡಾಕತ್ಯಾಳ ಅಂತ ಮಾಡಿದ್ದೆ.” ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು. “ಅದಕ್ಕ ಮಂದಿ ಕುಣೀತಾರಂತಲ್ಲ?”

“ಹೂಂ ಬೇ.”

“ಯಾರು ಕೊಟ್ರು ಅವಗ?”

ಸುಳ್ಳು ಹೇಳಬಹುದಿತ್ತು. ಸತ್ತ ಮನೆಗೆ ಅರ್ಧ ಊರೇ ಬಂದಿತ್ತು. “ನಾನs ಬೇ” ಎಂದಳು ಜ್ಯೋತಿ. “ಅಣ್ಣನ ಹೆಸರು ಹೇಳ್ತಾನ ಅಂತ ಕೊಟ್ಟೆ.”

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗುರುಲಿಂಗಮ್ಮ ರೊಟ್ಟಿ ಮಗುಚಿ ಹಾಕಿದಳು, ಅದು ಉಬ್ಬುವುದನ್ನು ನೋಡುತ್ತ ಕೂತಳು.

“ಹೆಣದ ಮುಂದ ಅತ್ತಿದ್ದು ಹೆಣದ ಕೂಡನ ಹೋಗಬೇಕು ಜ್ಯೋತಿ. ಮನಿಯೊಳಗ ಸುದ್ದಾ ತರೂ ಹಂಗಿಲ್ಲ. ಅದಕ್ಕಲ್ಲೇನು ಸತ್ತ ಮನಿಯಿಂದ ಬಂದು ಮೈಮ್ಯಾಲ ನೀರು ಹಾಕ್ಕೊಳ್ಳೋದು?” ಹಂಚಿನಿಂದ ರೊಟ್ಟಿ ಇಳಿಸಿ, “ಏಳೋ, ಏಳೋ ಅಂತ ದಿನಾ ಅಷ್ಟು ಮಂದಿ ಕರದ್ರ ನನ್ನ ಕೂಸಿನ ಜೀವ ಹೆಂಗ ಹೋದೀತು?” ಎಂದಳು.

ಜ್ಯೋತಿ ತಾಯಿಯ ತೊಡೆಯ ಮೇಲೆ ಬಿದ್ದು ಅತ್ತಳು. ಹಿಟ್ಟಿನ ಕೈಯನ್ನು ಅವಳ ತಲೆಯ ಮೇಲಿಡಲು ಗುರುಲಿಂಗಮ್ಮನಿಗೆ ತಡವಾಯಿತು, ಆದರೂ ಇಟ್ಟಳು.

ಕಂಪನಿಯ ಜೊತೆ ಮಾತಾಡುತ್ತಿದ್ದೇನೆ ಎಂದು ನಂಜುವಿನಿಂದ ಒಂದು ಮೆಸೇಜು ಬಂತು. ಆಮೇಲೆ ಬರಲಿಲ್ಲ. ಮಲ್ಲುವಿನ ಮದುವೆಯಲ್ಲಿ ಅವನು ಮಾತು ಉಳಿಸಿಕೊಂಡ, ಬಾಗಿಲ ಮುಂದೆ ಆ ಹಾಡು ಬರಲಿಲ್ಲ; ಊರ ಬಾಗಿಲಲ್ಲಿ ಬಂದದ್ದು ಮನೆಯ ತನಕ ಕೇಳಿಸಿತು, ಅಷ್ಟೇ. ಗುರುಲಿಂಗಮ್ಮ ಆ ಹೊತ್ತಿಗೆ ಹಿತ್ತಲಿನಲ್ಲಿ ಕುರಿಮರಿಗಳಿಗೆ ಸೊಪ್ಪು ತಪ್ಪಲು ಹಾಕುತ್ತಿದ್ದಳು. ಜ್ಯೋತಿ ಹಾಡು ಕೇಳುವುದನ್ನೇ ಬಿಟ್ಟಳು, ಯಾರದ್ದನ್ನೂ.

ಮಳೆ ಹಿಡಿಯುವ ಮುಂಚೆ ಕಲ್ಯಾಣಮ್ಮ ತೀರಿಕೊಂಡಳು. ತುಂಬು ವಯಸ್ಸು, ಬೆಳಗಿನ ಚಹಾ ಕುಡಿದು ಒರಗಿದವಳು ಹಾಗೇ ಹೋಗಿದ್ದಳು. ಪಡಸಾಲೆಯ ಗೋಡೆಗೆ ಆನಿಸಿ ಅವಳನ್ನು ಕೂಡಿಸಿ, ಹಣೆ ತುಂಬ ವಿಭೂತಿ ಹಚ್ಚಿದ್ದರು. ಗುರುಲಿಂಗಮ್ಮ ಹೇಳಿ ಕಳಿಸುವ ಮುಂಚೆಯೇ ಹೋಗಿ ಮುಂದುಗಡೆ ಕೂತಳು. ನಲವತ್ತು ವರ್ಷದ ನೆರೆ. ಉಪ್ಪು ಕೊಟ್ಟದ್ದು, ಹೆರಿಗೆಗೆ ಬಂದದ್ದು, ಹಿತ್ತಲ ಬೇಲಿಗೆ ಜಗಳಾಡಿದ್ದು, ಹೇಳಿ ಅಳಲು ಗುರುಲಿಂಗಮ್ಮನ ಹತ್ತಿರ ಒಂದು ಹಗಲಿಗಾಗುವಷ್ಟಿತ್ತು. ಜ್ಯೋತಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಇಂದು ಅವ್ವ ಮೊದಲಿನಂತೆ ಬಾಯಿಬಿಟ್ಟು ಅತ್ತರೆ ತನ್ನ ತಪ್ಪು ಒಂದು ಕೂದಲೆಳೆಯಷ್ಟಾದರೂ ಹಗುರಾಗುತ್ತದೆ ಎಂದು ಅವಳಿಗೆ ಆಸೆ.

ಮಧ್ಯಾಹ್ನ ಕೆಂಭಾವಿಯಿಂದ ಕಲ್ಯಾಣಮ್ಮನ ಮಗಳು ನಾಗರತ್ನಾ ಬಂದಳು. ಬಂದವಳೇ ತಾಯಿಯ ಪಾದ ಹಿಡಿದು ಬಿದ್ದಳು. ಮಗಳು ಬಂದ ಮೇಲೆಯೇ ಅಳು ಸುರುವಾಗಬೇಕು. ಹೆಂಗಸರೆಲ್ಲ ಗುರುಲಿಂಗಮ್ಮನ ಕಡೆ ತಿರುಗಿದರು.

“ಯಕ್ಕಾ, ನಮ್ಮವ್ವನ ಹೆಸರು ಹೇಳಿ ಅಳಬೇ” ಎಂದಳು ನಾಗರತ್ನಾ. “ನೀ ಸುರು ಮಾಡು. ನನಗ ಬಾಯಿ ಬರವಲ್ದು.”

ಗುರುಲಿಂಗಮ್ಮ ನಾಗರತ್ನಾಳನ್ನು ಎದೆಗೆ ಎಳೆದುಕೊಂಡಳು. ಕಲ್ಯಾಣಮ್ಮನ ಮುಖವನ್ನು ನೋಡಿ ಬಾಯಿ ತೆರೆದಳು. ಉಸಿರು ಎಳೆದುಕೊಂಡದ್ದು ಬಾಗಿಲ ತನಕ ಕೇಳಿಸಿತು. ಆಗ ಅವಳ ಕಣ್ಣು ಹೆಣದ ಆಚೆಗೆ ಹೋಯಿತು. ಅಲ್ಲಿ ಕಂಬಕ್ಕೆ ಒರಗಿ ಮಲ್ಲು ನಿಂತಿದ್ದ, ಅತ್ತು ಅತ್ತು ಕಣ್ಣು ಬಾತುಕೊಂಡಿದ್ದವು. ಕೈಯಲ್ಲಿ ಫೋನು ಹಿಡಿದಿದ್ದ.

“ಅದನ್ನ ಒಳಗ ಇಡೋ” ಎಂದು ಯಾರೋ ಗದರಿದರು.

“ನಮ್ಮ ಆಯಿದು ಒಂದು ಉಳೀಲಿ ಅಂತ...” ಎಂದ ಮಲ್ಲು. ಅವನು ಕೂಡಲೇ ಫೋನನ್ನು ಕಿಸೆಗೆ ಹಾಕಿದ. ಎರಡೂ ಕೈ ತೋರಿಸಿದ.

ಹೆಂಗಸರು ಕಾದರು. ಗುರುಲಿಂಗಮ್ಮ ಇನ್ನೊಮ್ಮೆ ಬಾಯಿ ತೆರೆದಳು, ತೆರೆದದ್ದನ್ನು ಸೆರಗಿನಿಂದ ಮುಚ್ಚಿಕೊಂಡಳು. ನಾಗರತ್ನಾ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ, ಕೊನೆಗೆ ಮಾತಿಲ್ಲದೆ, ಮಕ್ಕಳು ಅತ್ತಂತೆ ಒಬ್ಬಳೇ ಅಳಲು ಸುರು ಮಾಡಿದಳು. ಹಿಂದೆ ಕೂತ ಹೆಂಗಸರಲ್ಲಿ ಯಾರಿಗೂ ಮೊದಲ ಸಾಲು ಸಿಗಲಿಲ್ಲ.

ಗುರುಲಿಂಗಮ್ಮನ ಬಾಯಲ್ಲಿ ಸೆರಗು ಹಾಗೇ ಇತ್ತು. ಅವಳ ಬಲಗೈ ಮಾತ್ರ ನಾಗರತ್ನಾಳ ಬೆನ್ನ ಮೇಲೆ ಅಳುವಿನ ತಾಳಕ್ಕೆ ಬಡಿಯುತ್ತಿತ್ತು, ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ, ಮತ್ತೆ ಎರಡು ಸಲ ಮೆಲ್ಲಗೆ.